ಮನೆಸಾಕ್ಷಿ ಪತ್ರ

ಬಸ್ ಡಿಪೋದ ಫೋರ್‌ಮನ್ ಮನೆಯಲ್ಲಿ ಊಟದ ಹೊತ್ತಿಗೆ ಯಾರೂ ಸುದ್ದಿ ಹೇಳುವಂತಿರಲಿಲ್ಲ. ಒಳ್ಳೆಯದಾದರೂ ಸರಿ, ಕೆಟ್ಟದ್ದಾದರೂ ಸರಿ, ಅವನು ಕೈ ತೊಳೆದ ಮೇಲೆಯೇ. ಇದೇನು ಗೋಡೆಗೆ ಬರೆದು ಅಂಟಿಸಿದ ಕಾನೂನಲ್ಲ, ಇಪ್ಪತ್ತಾರು ವರ್ಷದ ಸಂಸಾರದಲ್ಲಿ ತಾನಾಗಿ ಬೇರು ಬಿಟ್ಟದ್ದು. ದಿನವಿಡೀ ನಲವತ್ತು ಜನರ ಮೇಲೆ ಕೂಗಾಡಿ ಬರುವ ಗಂಡಸು, ಎರಡು ತುತ್ತಾದರೂ ನೆಮ್ಮದಿಯಾಗಿ ತಿನ್ನಲಿ ಎಂದು ಮೊದಮೊದಲು ಹೆಂಡತಿಯೇ ಬಾಯಿ ಬಿಗಿಹಿಡಿದಿದ್ದಳು. ಬರಬರುತ್ತಾ ಅದೇ ಮನೆಯ ಪದ್ಧತಿಯಾಯಿತು.

ಆ ಭಾನುವಾರ ಮಧ್ಯಾಹ್ನ ಪದ್ಧತಿ ಮುರಿದವನು ಸಾಕ್ಷಾತ್ ಫೋರ್‌ಮನ್ನೇ. ಬಲಗೈಯಲ್ಲಿ ಅನ್ನ ಕಲಸುತ್ತಾ, ಎಡಗೈಯಿಂದ ಜೇಬಿನ ಕಾಗದ ತೆಗೆದು ಮೇಜಿನ ಮೇಲಿಟ್ಟ.

“ಕೊಟ್ರು ನೋಡಿ ಇವತ್ತು! ಮೂರು ವಾರ ಟೈಮಿದೆ. ಆದ್ರೆ ಇಟ್ಕೊಂಡು ಏನು ಮಾಡೋದು? ಈಗ್ಲೇ ಎಲ್ರೂ ಸಹಿ ಹಾಕಿ ಮುಗಿಸಿಬಿಡಿ.”

ಅದು ಮನೆಸಾಕ್ಷಿ ಪತ್ರ. ಅವರ ಚರ್ಚಿನಲ್ಲಿ ಒಬ್ಬನನ್ನು ಸಭೆಯ ಹಿರಿಯನನ್ನಾಗಿ ನೇಮಿಸುವ ಮೊದಲು ಅವನ ಮನೆಯವರಿಂದ ಇಂಥದೊಂದು ಪತ್ರ ಪಡೆಯುವುದು ಮುತ್ತಜ್ಜರ ಕಾಲದಿಂದ ನಡೆದು ಬಂದದ್ದು. ಮನೆಯಲ್ಲಿ ಪ್ರಾಯಕ್ಕೆ ಬಂದವರೆಲ್ಲ ಸಹಿ ಹಾಕಬೇಕು. ಪಾಸ್ಟರು ಅದನ್ನು ಸಭೆಯ ಮುಂದೆ ಓದುವಾಗ ಸಹಿ ಹಾಕಿದವರು ಒಬ್ಬೊಬ್ಬರಾಗಿ ಎದ್ದು ನಿಲ್ಲಬೇಕು. ಅಷ್ಟೇ. ಇಷ್ಟು ವರ್ಷದಲ್ಲಿ ಯಾವ ಮನೆಯವರೂ ಹಾಕುವುದಿಲ್ಲ ಎಂದದ್ದಿಲ್ಲ. ಉಂಡ ಮನೆಯಲ್ಲಿ ಊಟ ಹೇಗಿತ್ತು ಎಂದು ಕೇಳಿದರೆ ಯಾರಾದರೂ ಉಪ್ಪು ಜಾಸ್ತಿ ಎನ್ನುತ್ತಾರೆಯೇ?

ಹಿರಿಯನಾಗಬೇಕೆಂದು ಫೋರ್‌ಮನ್ ಹನ್ನೊಂದು ವರ್ಷದಿಂದ ಕಾದಿದ್ದ. ಯೋಗ್ಯತೆ ಇಲ್ಲದೆ ಕಾದವನಲ್ಲ. ಚರ್ಚಿನ ಮಾಡು ಸೋರಿದರೆ ಏಣಿ ಹತ್ತುವವನು ಅವನೇ. ಯಾರಿಗಾದರೂ ಹುಷಾರಿಲ್ಲ ಎಂದರೆ ಗಾಡಿ ತಂದು ಆಸ್ಪತ್ರೆಗೆ ಸಾಗಿಸುವವನೂ ಅವನೇ. ಮೂರು ವರ್ಷದ ಹಿಂದೆ ಹೆಂಡತಿಯ ತಾಯಿ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟು, ಸಮಾಧಿಯ ಮೇಲಿನ ಕಬ್ಬಿಣದ ಶಿಲುಬೆಯನ್ನು ಡಿಪೋದಲ್ಲಿ ತಾನೇ ನಿಂತು ಮಾಡಿಸಿದ್ದ. ಅಳಿಯ ಅಂದರೆ ಹೀಗಿರಬೇಕು ಎಂದು ಜನ ಮಾತಾಡಿಕೊಂಡಿದ್ದರು.

“ತಾ ಇಲ್ಲಿ, ನನ್ದು ಮೊದ್ಲು,” ಎಂದು ಅವನ ತಾಯಿ ಕೈಚಾಚಿದಳು. ಎಪ್ಪತ್ತೊಂಬತ್ತರ ಮುದುಕಿ. ಕಣ್ಣು ಮಂಜು, ನಾಲಿಗೆ ಮಾತ್ರ ಇನ್ನೂ ಹರಿತ. ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ ತನ್ನ ಹೆಸರನ್ನು ಸೊಟ್ಟಸೊಟ್ಟಗೆ ಬರೆದಳು. “ನಿಮ್ಮಪ್ಪ ಇದ್ದಿದ್ರೆ ಇವತ್ತು ಕುಣೀತಿದ್ರು ಕಣೋ.”

“ಅಪ್ಪ ಹಿರಿಯ ಆದ್ರೆ ದಿನಾ ಸಂಜೆ ಮೀಟಿಂಗು ಅಲ್ವಾ?” ಎಂದಳು ಮಗಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವಳದು. ಅಪ್ಪನಿಗೂ ಅವಳಿಗೂ ಹಾವು ಮುಂಗುಸಿ. “ಹಾಗಾದ್ರೆ ಎರಡು ಸಹಿ ಹಾಕ್ತೀನಿ. ಟೀವಿ ನನ್ದು!”

“ಒಂದು ಸಾಕು. ತಲೆಹರಟೆ.”

ಟಣ್, ಟಣ್. ಫೋರ್‌ಮನ್ನನ ಉಂಗುರ ಸ್ಟೀಲ್ ಲೋಟಕ್ಕೆ ಎರಡು ಸಲ ತಾಗಿತು. ಅಡುಗೆಮನೆಯಿಂದ ಹೆಂಡತಿ ನೀರಿನ ಜಗ್ಗು ಹಿಡಿದು ಬಂದಳು, ಲೋಟ ತುಂಬಿಸಿದಳು.

“ನಿನ್ದೊಂದು ಬಾಕಿ,” ಎಂದು ಅವನು ಗದ್ದದಿಂದಲೇ ಕಾಗದ ತೋರಿಸಿದ.

ಹೆಂಡತಿ ಕೈ ಒರೆಸಿಕೊಂಡು, ಹಣೆಯ ಮೇಲಿದ್ದ ಕನ್ನಡಕವನ್ನು ಕೆಳಗಿಳಿಸಿ, ನಿಂತಲ್ಲೇ ಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಆ ಮನೆಯಲ್ಲಿ ಅದನ್ನು ಪೂರ್ತಿ ಓದಿದವಳು ಅವಳೊಬ್ಬಳೇ. ಓದಿ ಮಡಚಿ, ಕಿಟಕಿಯ ಬಳಿಯಿದ್ದ ತನ್ನ ಹೊಲಿಗೆ ಮಿಷಿನ್ನಿನ ಡ್ರಾಯರಿಗೆ ಹಾಕಿದಳು.

“ಇರ್ಲಿ ಇಲ್ಲಿ. ನೋಡ್ತೀನಿ,” ಅಂದಳು.

*

ಬುಧವಾರದವರೆಗೆ ಫೋರ್‌ಮನ್ ಕಾದ. ಬುಧವಾರ ಸಂಜೆ ಡ್ರಾಯರ್ ಎಳೆದು ನೋಡಿದರೆ ದಾರದ ಉಂಡೆಗಳ ನಡುವೆ ಪತ್ರ ಹಾಗೇ ಬಿದ್ದಿದೆ. ಸಹಿ ಎರಡೇ.

“ಏನೇ ಇದು? ನಾಲ್ಕು ದಿನ ನೋಡೋಕೆ ಏನಿದೆ ಇದ್ರಲ್ಲಿ?”

ಹೆಂಡತಿ ಶಾಲೆಯ ಕೋಟುಗಳಿಗೆ ಕಾಜಾ ಹೊಲಿಯುತ್ತಿದ್ದಳು. ತೋಳಿನ ತುದಿಗೆ ಮೂರು, ಎದೆಗೆ ನಾಲ್ಕು. ಕಾಜಾ ಹೊಲಿಯುವುದರಲ್ಲಿ ಆ ಬೀದಿಯಲ್ಲೇ ಅವಳನ್ನು ಮೀರಿಸುವವರಿರಲಿಲ್ಲ. ತಲೆ ಎತ್ತದೆ ಕೇಳಿದಳು, “ಓದಿದ್ದೀರಾ ನೀವು ಅದನ್ನ?”

“ಓದೋದೇನು, ಬಾಯಿಪಾಠ! ಎಷ್ಟು ಜನರದ್ದು ಕೇಳಿಲ್ಲ ನಾನು?” ಎಂದು ಶುರುಮಾಡಿಯೇಬಿಟ್ಟ. “ಈ ಮನುಷ್ಯನು ಹೊರಗೆ ಹೇಗೋ ಮನೆಯೊಳಗೂ ಹಾಗೆಯೇ. ದೀನ ಮನಸ್ಸಿನವನು. ತನ್ನ ಹಿತಕ್ಕಿಂತ ನಮ್ಮ ಹಿತವನ್ನು ಮುಂದೆ ಇಟ್ಟವನು. ಕ್ರಿಸ್ತನ ಮನಸ್ಸು ಇವನಲ್ಲಿದೆ ಎಂದು, ಇವನೊಡನೆ ಒಂದೇ ಮನೆಯಲ್ಲಿ ಉಂಡ ನಾವು ದೇವರ ಮುಂದೆ ಸಾಕ್ಷಿ ಹೇಳುತ್ತೇವೆ. ಇಷ್ಟೇ ತಾನೆ?”

“ಅಷ್ಟೇ.”

“ಮತ್ತೆ? ನಾನು ಕುಡೀತೀನಾ?”

“ಇಲ್ಲ.”

“ಯಾವತ್ತಾದ್ರೂ ಕೈ ಎತ್ತಿದ್ದೀನಾ ನಿನ್ಮೇಲೆ?”

“ಇಲ್ಲ. ಕುಡಿಯಲ್ಲ, ಹೊಡೆಯಲ್ಲ ಅಂತ ಬರೆದಿದ್ರೆ ಭಾನುವಾರವೇ ಹಾಕ್ತಿದ್ದೆ.” ಅವಳು ದಾರ ಕಡಿದು, ಕೈಯಲ್ಲಿದ್ದ ಕೋಟಿನ ತೋಳನ್ನು ಅವನ ಮುಂದೆ ಹಿಡಿದಳು. “ಇದು ನೋಡಿ. ಸುತ್ತ ಹೊಲಿದಿದೆ, ನಡುವೆ ಕತ್ತರಿಸಿಲ್ಲ. ಕಡಿಮೆ ಬೆಲೆ ಕೋಟಿಗೆ ಹೀಗೇ ಮಾಡಿ ಅಂತಾರೆ. ನೋಡೋಕೆ ಕಾಜಾ. ಗುಂಡಿ ತೂರಲ್ಲ. ಆ ಕಾಗದಾನೂ ನಂಗೆ ಹಾಗೇ ಕಾಣ್ಸುತ್ತೆ. ನನ್ನ ಕೈಲಿ ಆಗಲ್ಲ.”

ಫೋರ್‌ಮನ್ನನಿಗೆ ಕಾಜಾದ ತತ್ವ ಅರ್ಥವಾಗಲಿಲ್ಲ. ಆಗಲ್ಲ ಎಂಬ ಮಾತು ಮಾತ್ರ ಅರ್ಥವಾಯಿತು. ಇಪ್ಪತ್ತಾರು ವರ್ಷದಲ್ಲಿ ಆ ಮಾತನ್ನು ಆ ಬಾಯಲ್ಲಿ ಅವನು ಕೇಳಿಯೇ ಇರಲಿಲ್ಲ. ದಿನಾ ಎದುರು ಮಾತಾಡುವ ಮಗಳು ನಗುತ್ತಾ ಸಹಿ ಹಾಕಿದಳು, ತುಟಿ ಬಿಚ್ಚದವಳು ಹೀಗೆ ಕೂತಿದ್ದಾಳೆ! ಎಲ್ಲಿಗೆ ಬಂತು ಕಾಲ.

ಅತ್ತ ಮೂಲೆಯಿಂದ ಮುದುಕಿ ಕೂಗಿದಳು, “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ಇದೇ ನೋಡು. ನಮ್ಮ ಕಾಲದಲ್ಲಿ ಗಂಡ ಹಾಕು ಅಂದ ಕಡೆ ಹಾಕ್ತಿದ್ವಿ.”

“ಅದಕ್ಕೇ ಅಜ್ಜಿ, ತಾತನ ಎಲ್ಲ ಸಾಲಕ್ಕೂ ನಿನ್ನ ಸಹಿ ಇತ್ತು,” ಎಂದಳು ಮಗಳು.

“ನೀನು ಬಾಯಿ ಮುಚ್ಚು!” ಈ ಮಾತನ್ನು ಅಜ್ಜಿಯೂ ಅಪ್ಪನೂ ಒಟ್ಟಿಗೆ ಹೇಳಿದರು.

*

ಎರಡನೆಯ ವಾರ ಫೋರ್‌ಮನ್ ದೀನನಾಗಲು ಹೊರಟ. ಹೇಳಿ ಕೇಳಿ ಫೋರ್‌ಮನ್, ಹಿಡಿದ ಕೆಲಸ ಅರ್ಧಕ್ಕೆ ಬಿಡುವ ಜಾಯಮಾನದವನಲ್ಲ. ಸೋಮವಾರ ತಟ್ಟೆ ತೊಳೆದ. ತೊಳೆದೆ ಎಂದು ಮೂರು ಸಲ ಹೇಳಿದ. ಮಂಗಳವಾರ ಬಟ್ಟೆ ಒಣಹಾಕಿದ, ಹೆಂಡತಿ ಹಿಂಡಿದ್ದು ಸಾಲದು ಎಂದು ಎಲ್ಲವನ್ನೂ ಮತ್ತೆ ಹಿಂಡಿ ಎರಡು ಅಂಗಿಯ ಹೊಲಿಗೆ ಬಿಚ್ಚಿಸಿದ. ಗುರುವಾರ ಡಿಪೋಗೆ ರಜೆ ಹಾಕಿ, ಹೆಂಡತಿ ಕೋಟುಗಳ ಗಂಟು ಕೊಟ್ಟು ಬರಲು ಹೋಗಿದ್ದಾಗ, ಅಡುಗೆಮನೆಗೆ ನುಗ್ಗಿದ.

ಡಿಪೋದಲ್ಲಿ ಸ್ಪ್ಯಾನರ್, ಸುತ್ತಿಗೆ, ಜ್ಯಾಕ್ ಎಲ್ಲಕ್ಕೂ ಗೋಡೆಯ ಮೇಲೆ ಅದರದರ ಆಕಾರವನ್ನೇ ಬಣ್ಣದಲ್ಲಿ ಬರೆದಿದ್ದರು. ಯಾವುದು ಎಲ್ಲಿಲ್ಲ ಎಂಬುದು ಒಂದೇ ನೋಟಕ್ಕೆ ಗೊತ್ತಾಗಬೇಕು. ಅದೇ ವ್ಯವಸ್ಥೆಯನ್ನು ಅವನು ಅಡುಗೆಮನೆಗೂ ತಂದ. ಸೌಟು, ಜಾಲರಿ, ಲಟ್ಟಣಿಗೆ, ಮೂರು ಬಾಣಲೆ, ಎಲ್ಲಕ್ಕೂ ಮೊಳೆ ಹೊಡೆದು, ಸುತ್ತ ಹಳದಿ ಗೆರೆ ಎಳೆದು, ಕೆಳಗೆ ನಂಬರು ಬರೆದ. ಮಧ್ಯಾಹ್ನ ಹೆಂಡತಿ ಬಾಗಿಲಲ್ಲೇ ನಿಂತಳು.

“ಹೇಗಿದೆ?” ಎಂದ, ಕೆನ್ನೆಗೆಲ್ಲ ಹಳದಿ ಮೆತ್ತಿಕೊಂಡು. “ಇನ್ಮೇಲೆ ಹುಡುಕೋ ತಾಪತ್ರಯ ಇಲ್ಲ.”

“ನಾನು ಯಾವತ್ತು ಹುಡುಕಿದ್ದೆ?”

“ಅಲ್ಲ, ನಿನಗೋಸ್ಕರ ಒಂದು ದಿನ ರಜೆ ಹಾಕಿ...”

“ನನ್ನ ಸಣ್ಣ ಸೌಟು ಎಲ್ಲಿ?”

“ನಾಲ್ಕನೇ ನಂಬರು.”

ನಾಲ್ಕನೇ ನಂಬರು ಅವಳ ಕೈಗೆ ಎಟುಕಲಿಲ್ಲ. ಅವನು ತನ್ನ ಎತ್ತರಕ್ಕೆ ಮೊಳೆ ಹೊಡೆದಿದ್ದ. ಅವಳು ಸ್ಟೂಲು ಎಳೆದುಕೊಂಡು, ಹತ್ತಿ, ಸೌಟು ತೆಗೆದುಕೊಂಡು ಇಳಿದಳು. ಒಲೆ ಹಚ್ಚಿದಳು. ಸಂಜೆ ಮಗಳು ಬಂದು ಗೋಡೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಮ್ಮಾ, ನಿಂದೂ ಒಂದು ಗೆರೆ ಎಳೆದುಬಿಡೋಕೆ ಹೇಳು, ಒಲೆ ಮುಂದೆ! ನೀನು ಜಾಗದಲ್ಲಿ ಇಲ್ಲದಿದ್ರೆ ಅಪ್ಪಂಗೆ ತಕ್ಷಣ ಗೊತ್ತಾಗುತ್ತೆ.”

“ಮಾಡಿದ್ರೂ ತಪ್ಪು, ಮಾಡದಿದ್ರೂ ತಪ್ಪು!” ಫೋರ್‌ಮನ್ ಬಣ್ಣದ ಡಬ್ಬಿ ಕುಕ್ಕಿದ. “ಊರಲ್ಲಿ ಯಾರನ್ನ ಬೇಕಾದ್ರೂ ಕೇಳು ನನ್ನ ವಿಷಯ. ಒಬ್ಬ ಕೆಟ್ಟದ್ದು ಅನ್ಲಿ ನೋಡೋಣ.”

“ಊರಿಗೆ ಉಪಕಾರಿ, ಮನೆಗೆ ಮಾರಿ,” ಎಂದು ಮಗಳ ಬಾಯಿಂದ ಹೊರಬಿದ್ದೇಬಿಟ್ಟಿತು.

ಅವಳು ನಾಲಿಗೆ ಕಚ್ಚಿಕೊಂಡಳು. “ತಮಾಷೆಗೆ ಅಂದೆ ಅಪ್ಪ.”

“ನಿನಗೆ ತಮಾಷೆ. ನಿಮ್ಮಮ್ಮಂಗೆ ಅದೇ ವೇದವಾಕ್ಯ,” ಎಂದವನು ಚಪ್ಪಲಿ ಮೆಟ್ಟಿ ಹೊರಟ.

ಡಿಪೋದಲ್ಲೂ ನೆಮ್ಮದಿಯಿಲ್ಲ. ಅಲ್ಲಿನ ವೆಲ್ಡರ್ ಅವರ ಚರ್ಚಿನವನೇ. ಎಲ್ಲರೆದುರು ಕೇಳುತ್ತಿದ್ದ, “ಸಾರ್, ಪತ್ರ ಓದೋದು ಬರೋ ಭಾನುವಾರವಾ, ಅದರ ಮುಂದಿನದಾ? ನಿಮ್ಮ ದಿವಸಕ್ಕೆ ಅಂತಲೇ ಹೊಸ ಶರ್ಟು ಹೊಲಿಸಿದ್ದೀನಿ.” ಫೋರ್‌ಮನ್ ನಕ್ಕಂತೆ ಮಾಡಿ, ಹತ್ತಿರದಲ್ಲಿದ್ದ ಯಾವನೋ ಬಡಪಾಯಿ ಮೆಕ್ಯಾನಿಕ್ಕನ ಮೇಲೆ ಹರಿಹಾಯುತ್ತಿದ್ದ.

*

ಮೂರನೆಯ ವಾರದ ಶುಕ್ರವಾರ ಸಂಜೆ ಪಾಸ್ಟರು ಮನೆಗೇ ಬಂದರು. ಸಾಧು ಮನುಷ್ಯ, ಯಾರನ್ನೂ ನೋಯಿಸಲಾರದವರು. ಚಹಾ ಕುಡಿಯುತ್ತಾ, “ಇವರದೊಂದೇ ಬಾಕಿಯಂತೆ!” ಎಂದು ಹೆಂಡತಿಯ ಕಡೆ ನೋಡಿ ನಕ್ಕರು. “ಕೆಲಸದ ಗಡಿಬಿಡಿ ಇರಬೇಕು ಅಲ್ವಾ?”

“ಗಡಿಬಿಡಿ ಏನಿಲ್ಲ,” ಎಂದಳು ಅವಳು.

ಫೋರ್‌ಮನ್ ನಡುವೆ ಬಾಯಿ ಹಾಕಿದ. “ನಾಳೆ ಸಂಜೆ ನಾನೇ ತಂದುಕೊಡ್ತೀನಿ ಪಾಸ್ಟರೇ. ನೀವು ಯೋಚ್ನೆ ಬಿಡಿ.”

ಅವರು ಗೇಟು ದಾಟಿದ್ದೇ ತಡ, ಅವನು ತಿರುಗಿದ. “ನನ್ನ ಮಾನ ಕಳೀಬೇಕು ಅಂತಲೇ ಕೂತಿದ್ದೀಯಾ? ಒಂದು ಗೀಟು ಕಣೇ. ಒಂದೇ ಒಂದು ಗೀಟು!”

“ಗೀಟು ಎಳೆದ್ರೆ ಮುಗೀಲಿಲ್ಲ. ಭಾನುವಾರ ಎದ್ದು ನಿಲ್ಲಬೇಕು.”

“ನಿಂತ್ರೆ ಏನು ಕಾಲು ಸವೆಯುತ್ತಾ?”

“ಸುಳ್ಳು ಹೇಳಿ ನಿಲ್ಲೋಕೆ ಆಗಲ್ಲ ನಂಗೆ, ಅದೂ ಅಲ್ಲಿ.”

“ಹಾಗಾದ್ರೆ ಹೇಳು! ಮೂರು ವಾರದಿಂದ ಕೇಳ್ತಾ ಇದ್ದೀನಿ. ನಾನು ಮಾಡಿದ ಪಾಪ ಏನು? ಬಾಯಿ ಬಿಟ್ಟು ಹೇಳು!”

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಮಗಳು ತಟ್ಟೆಗಳನ್ನು ತಂದಿಟ್ಟಳು, ಅಜ್ಜಿ ಕುರ್ಚಿ ಎಳೆದುಕೊಂಡಳು, ಫೋರ್‌ಮನ್ನನೂ ಅಭ್ಯಾಸಬಲದಿಂದ ತನ್ನ ಜಾಗದಲ್ಲಿ ಕೂತ. ಟಣ್, ಟಣ್. ಹೆಂಡತಿ ಬಾಯಿ ಮುಚ್ಚಿಕೊಂಡು ನೀರು ತರಲು ಹೋದಳು. ತಂದು ಸುರಿದಳು.

“ಹೇಳು ಅಂದ್ನಲ್ಲ?”

“ಊಟ ಮಾಡಿ,” ಎಂದಳು.

ಶನಿವಾರ ಬೆಳಿಗ್ಗೆ ಅವಳು ಬಟ್ಟೆ ಒಗೆಯುತ್ತಿದ್ದಾಗ ಫೋರ್‌ಮನ್ ಡ್ರಾಯರಿನಿಂದ ಪತ್ರ ತೆಗೆದು ಜೇಬಿಗಿಟ್ಟುಕೊಂಡ. ಮಧ್ಯಾಹ್ನ ಡಿಪೋದ ಸ್ಟೋರಿನಲ್ಲಿ, ಹಳೆಯ ಟಯರುಗಳ ನಡುವೆ, ಒಂದು ಪೆಟ್ಟಿಗೆಯ ಮೇಲೆ ಅದನ್ನು ಹರಡಿಕೊಂಡು ಹೆಂಡತಿಯ ಸಹಿ ಹಾಕಿದ. ಇದೇನು ಕಳ್ಳತನವೇ? ಗಂಡ ಹೆಂಡತಿ ಒಂದೇ ದೇಹವಂತೆ, ಒಂದು ಕೈ ಹಾಕಿದರೇನು ಇನ್ನೊಂದು ಕೈ ಹಾಕಿದರೇನು. ನಾಳೆ ಅವಳ ಸರದಿ ಬಂದಾಗ ಎದ್ದೇ ಏಳುತ್ತಾಳೆ. ನಾಲ್ಕು ಜನರ ಮುಂದೆ ಗಂಡನನ್ನು ಬಿಟ್ಟುಕೊಡುವ ಹೆಂಗಸಲ್ಲ ಅವಳು. ಅಷ್ಟು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೆರಳಿಗೆ ಮೆತ್ತಿದ್ದ ಗ್ರೀಸು ಕಾಗದದ ಅಂಚಿಗೆ ತಾಗಿ ಒಂದು ಕಪ್ಪು ಕಲೆಯಾಯಿತು. ಉಜ್ಜಿದ, ಇನ್ನಷ್ಟು ಹರಡಿತು.

*

ಭಾನುವಾರ ಚರ್ಚು ತುಂಬಿತ್ತು. ವೆಲ್ಡರ್ ಹೊಸ ನೀಲಿ ಶರ್ಟು ಹಾಕಿಕೊಂಡು ಎರಡನೆಯ ಬೆಂಚಿನಲ್ಲೇ ಕೂತಿದ್ದ. ಫೋರ್‌ಮನ್ ಮುಂದೆ ಪಾಸ್ಟರ ಪಕ್ಕದಲ್ಲಿ, ಇಸ್ತ್ರಿಯಾದ ಪ್ಯಾಂಟಿನಲ್ಲಿ ಕಡ್ಡಿಯಂತೆ ನಿಂತಿದ್ದ. ಪಾಸ್ಟರು ಪತ್ರವನ್ನು ನಿಧಾನವಾಗಿ ಓದಿದರು. ಹೊರಗೆ ಹೇಗೋ ಮನೆಯೊಳಗೂ ಹಾಗೆಯೇ. ದೀನ ಮನಸ್ಸಿನವನು. ಕ್ರಿಸ್ತನ ಮನಸ್ಸು ಇವನಲ್ಲಿದೆ. ಆಮೇಲೆ ಸಹಿಗಳಿಗೆ ಬಂದರು.

“ಸಾಕ್ಷಿ, ತಾಯಿ.”

ಮುದುಕಿ ಕೋಲೂರಿ ಎದ್ದಳು, ನಾಲ್ಕೂ ಕಡೆ ನೋಡಿದಳು.

“ಸಾಕ್ಷಿ, ಮಗಳು.”

ಮಗಳು ಎದ್ದಳು. ಅಮ್ಮನ ಕಡೆ ಓರೆಗಣ್ಣಿನಲ್ಲಿ ನೋಡಿದಳು. ಅಮ್ಮನ ಸಹಿ ಇಲ್ಲದೆ ಪತ್ರ ಇಲ್ಲಿಗೆ ಹೇಗೆ ಬಂತು ಎಂದು ಅವಳಿಗೂ ಬಗೆಹರಿದಿರಲಿಲ್ಲ.

“ಸಾಕ್ಷಿ, ಹೆಂಡತಿ.”

ಹೆಂಡತಿ ತಲೆ ಎತ್ತಿದಳು. ಮೊದಲು ಪಾಸ್ಟರ ಕೈಯಲ್ಲಿದ್ದ ಕಾಗದವನ್ನು ನೋಡಿದಳು, ಆಮೇಲೆ ಗಂಡನನ್ನು. ಅವನು ಕಣ್ಣಲ್ಲೇ ಕೇಳಿಕೊಂಡ. ಇಡೀ ಸಭೆ ಅವಳ ಕಡೆ ತಿರುಗಿತು. ಯಾರದೋ ಮಗು ಕೆಮ್ಮಿತು.

ಅವಳು ಮುಂದಿನ ಬೆಂಚಿನ ಮೇಲೆ ಕೈಯೂರಿದಳು. ಒಂದು ಕೈ ಮಂಡಿಯ ಮೇಲಿಟ್ಟು, ತುಟಿ ಬಿಗಿದು, ಏಳತೊಡಗಿದಳು. ಹಾಗೆ ಅವಳು ಏಳುವುದನ್ನು ಫೋರ್‌ಮನ್ ನೋಡಿದ್ದ, ಎಷ್ಟೋ ಸಾವಿರ ಸಲ ನೋಡಿದ್ದ. ಅಡುಗೆಮನೆಯ ಸ್ಟೂಲಿನಿಂದ ಹೀಗೇ ಏಳುತ್ತಿದ್ದಳು, ಬಾಯಲ್ಲಿ ತುತ್ತು ಇದ್ದರೂ ಏಳುತ್ತಿದ್ದಳು, ಅವನು ಕರೆದಾಗಲೆಲ್ಲ. ಸುಳ್ಳು ಹೇಳಲಾರೆ ಎಂದು ಮೂರು ವಾರ ಗಟ್ಟಿಯಾಗಿ ಕೂತವಳು ಈಗ ಅವನ ಮಾನಕ್ಕಾಗಿ ದೇವರ ಮುಂದೆ ಸುಳ್ಳು ಹೇಳಲು ಏಳುತ್ತಿದ್ದಳು.

“ಕೂತ್ಕೋ!” ಎಂದು ಫೋರ್‌ಮನ್ ಅಬ್ಬರಿಸಿದ.

ಡಿಪೋದ ದನಿ. ಕಿಟಕಿ ಗಾಜು ಅದುರಿತು. ಹೆಂಡತಿ ತಟ್ಟನೆ ಕೂತಳು. ಎದ್ದು ನಿಂತಿದ್ದ ಅಜ್ಜಿಯೂ ಕೂತಳು.

“ಅದು... ಆ ಸಹಿ ಅವಳದ್ದಲ್ಲ,” ಎಂದ ಫೋರ್‌ಮನ್. ದನಿ ಈಗ ಇಳಿದು ಹೋಗಿತ್ತು. “ನಾನು ಹಾಕಿದ್ದು. ನಿನ್ನೆ, ಡಿಪೋದಲ್ಲಿ. ಅವಳು ಆಗಲ್ಲ ಅಂದಿದ್ಲು. ಮೂರು ವಾರದಿಂದ ಆಗಲ್ಲ ಅಂತಲೇ ಅಂದಿದ್ಲು.”

ಪಾಸ್ಟರು ಪತ್ರವನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಇಂಥ ಹೊತ್ತಿಗೆ ಏನು ಮಾಡಬೇಕೆಂದು ಯಾವ ಹಿಂದಿನ ಪಾಸ್ಟರೂ ಬರೆದಿಟ್ಟಿರಲಿಲ್ಲ. ಕೊನೆಗೆ, “ನಾವೆಲ್ಲ ಎದ್ದು ಒಂದು ಹಾಡು ಹಾಡೋಣ,” ಎಂದರು. ಜನ ಎದ್ದರು. ಹಾಡು ಮುಗಿಯುವವರೆಗೂ ಫೋರ್‌ಮನ್ ಅಲ್ಲೇ ಮುಂದೆ ನಿಂತಿದ್ದ, ಯಾಕೆಂದರೆ ಮುಂದೆ ಬರುವ ದಾರಿ ಎಲ್ಲರಿಗೂ ಗೊತ್ತಿತ್ತು, ಇಳಿದು ಹೋಗುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

*

ಮನೆಗೆ ಬಂದ ಮೇಲೂ ಅಡುಗೆ ಆಗಬೇಕಲ್ಲ. ಹೆಂಡತಿ ಅನ್ನಕ್ಕಿಟ್ಟಳು. ಮುದುಕಿ ಕೋಲನ್ನು ನೆಲಕ್ಕೆ ಕುಟ್ಟುತ್ತಾ ಒಂದೇ ಸಮನೆ ಗೋಳಾಡಿದಳು. “ಗಂಡನ ಮಾನ ಮೂರು ಕಾಸಿಗೆ ಹರಾಜು ಹಾಕಿಬಿಟ್ಯಲ್ಲೇ! ಒಂದು ಕ್ಷಣ ಎದ್ದು ನಿಂತಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ನಾನು ಎದ್ದಿದ್ದೆ ಅತ್ತೆ,” ಎಂದಳು ಅವಳು ಸೌಟು ತಿರುಗಿಸುತ್ತಾ. “ಅವರೇ ಕೂರಿಸಿದ್ರು.”

ಊಟದ ಮೇಜಿನಲ್ಲಿ ಫೋರ್‌ಮನ್ ಎರಡು ತುತ್ತು ತಿಂದು ಎದ್ದು ಕೈ ತೊಳೆದ. ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

“ಈಗಾದ್ರೂ ಹೇಳು.”

“ಊಟ ಆಯ್ತಾ?”

“ಆಯ್ತು.”

“ಹಾಗಾದ್ರೆ ಹೇಳ್ತೀನಿ.” ಅವಳು ಒಲೆ ಒರೆಸುವುದನ್ನು ನಿಲ್ಲಿಸಲಿಲ್ಲ. “ಅಮ್ಮ ಹೋದ ದಿವಸ. ಅಣ್ಣನ ಫೋನು ಬಂತು, ಇಲ್ಲೇ ನಿಂತ್ಕೊಂಡು ಕೇಳಿದೆ. ನೀವು ಆಗಷ್ಟೇ ತಟ್ಟೆ ಮುಂದೆ ಕೂತಿದ್ರಿ. ಲೋಟ ತಟ್ಟಿದ್ರಿ. ನೀರು ತಂದುಕೊಟ್ಟೆ. ಅನ್ನ ಹಾಕಿದೆ. ಮೊಟ್ಟೆ ಇದ್ಯಾ ಅಂದ್ರಿ, ಒಡೆದು ಹುರಿದು ಕೊಟ್ಟೆ. ಎಲ್ಲ ಆಗಿ, ನೀವು ಕೈ ತೊಳ್ಕೊಂಡು ಬಂದ ಮೇಲೆ ಹೇಳಿದೆ.”

ಫೋರ್‌ಮನ್ನನಿಗೆ ಆ ದಿನ ನೆನಪಿತ್ತು. ಸುದ್ದಿ ಕೇಳಿದ ಹತ್ತೇ ನಿಮಿಷಕ್ಕೆ ಗಾಡಿ ತರಿಸಿದ್ದ. ಮೊಟ್ಟೆ ನೆನಪಿರಲಿಲ್ಲ.

“ಅವಾಗ್ಲೇ ಹೇಳೋದಲ್ವೇನೇ! ನಾನೇನು ರಾಕ್ಷಸನಾ? ತಿನ್ನೋದು ಬಿಟ್ಟು ಏಳ್ತಿರಲಿಲ್ವಾ?”

“ಏಳ್ತಿದ್ರಿ. ಗೊತ್ತು.” ಅವಳು ಒರೆಸುವ ಬಟ್ಟೆಯನ್ನು ಹಿಂಡಿದಳು. “ಹೇಳಬಹುದು ಅನ್ನೋದೇ ನಂಗೆ ಹೊಳೀಲಿಲ್ಲ. ಅಮ್ಮ ಸತ್ತಿದ್ದಾಳೆ, ಆದ್ರೆ ಇವರ ಊಟ ಆಗಿಲ್ಲ. ಕಾಲು ತಾನಾಗೇ ನಡೀತು. ಮೊಟ್ಟೆ ಹುರಿಯುವಾಗ ಉಪ್ಪು ಹಾಕಿದ್ನಾ ಇಲ್ವಾ ಅಂತ ಯೋಚ್ನೆ ಮಾಡಿದೆ ನಾನು. ಅಮ್ಮನ್ನಲ್ಲ, ಉಪ್ಪನ್ನ. ಆಮೇಲೆ ನೀವು ಎಲ್ಲ ಮಾಡಿದ್ರಿ. ಹೆಗಲು ಕೊಟ್ರಿ, ಶಿಲುಬೆ ಮಾಡಿಸಿದ್ರಿ, ಊರೆಲ್ಲ ಹೊಗಳ್ತು. ನಂಗೆ ಮಾತ್ರ ಅಳು ಬರ್ಲಿಲ್ಲ. ಇವತ್ತಿನವರೆಗೂ ಬಂದಿಲ್ಲ. ಆ ಕಾಗದ ಓದ್ದಾಗ ಆ ಮೊಟ್ಟೆ ನೆನಪಾಯ್ತು. ಹೇಗೆ ಸಹಿ ಹಾಕ್ಲಿ ಹೇಳಿ?”

ಅವನು ಗೋಡೆಯ ಮೇಲಿನ ಹಳದಿ ಗೆರೆಗಳನ್ನು ಒಂದೊಂದಾಗಿ ನೋಡುತ್ತಾ ನಿಂತ.

ಮುಂದಿನ ವಾರಗಳು ಕೆಟ್ಟದಾಗಿಯೇ ಕಳೆದವು. ಚರ್ಚಿನ ಹೆಂಗಸರು ಅವಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಗಂಡನನ್ನು ಬೀದಿಗೆ ತಂದವಳು ಎಂಬ ಹೆಸರು ಅವಳಿಗೇ ಬಂತು, ಕಳ್ಳಸಹಿ ಹಾಕಿದವನಿಗಲ್ಲ. ಮುದುಕಿ ಸೊಸೆ ಬಡಿಸಿದ್ದನ್ನು ಗೊಣಗಿಕೊಂಡು ತಿಂದಳು, ಬಿಡದೆ ತಿಂದಳು. ಡಿಪೋದಲ್ಲಿ ವೆಲ್ಡರ್ ನೀಲಿ ಶರ್ಟನ್ನು ಕೆಲಸಕ್ಕೇ ಹಾಕಿಕೊಂಡು ಬರತೊಡಗಿದ. ಬೇರೆ ಚರ್ಚಿಗೆ ಹೋಗೋಣ ಎಂದು ಫೋರ್‌ಮನ್ ಒಮ್ಮೆ ಹೇಳಿ ನೋಡಿದ. “ಅಲ್ಲೂ ಮನೆಯವರನ್ನ ಕೇಳಿದ್ರೆ?” ಎಂದಳು ಮಗಳು. ಅವನು ಕಡೆಯ ಬೆಂಚಿನಲ್ಲಿ ಕೂತು ಬರತೊಡಗಿದ.

ಉಂಗುರ ತೆಗೆದು ಡ್ರಾಯರಿಗೆ ಹಾಕಿದ್ದ. ಮೂರನೆಯ ದಿನ ಉಗುರು ಲೋಟಕ್ಕೆ ತಾಗಿತು. ಹೆಂಡತಿ ಆಗಲೇ ಎದ್ದಾಗಿತ್ತು.

“ಕರೆದ್ನಾ ನಾನು?” ಎಂದ ಕಂಗಾಲಾಗಿ.

“ಹೂಂ.”

“ಗೊತ್ತಾಗ್ಲಿಲ್ಲ ಕಣೇ.”

“ನಂಗೂ ಗೊತ್ತಾಗ್ಲಿಲ್ಲ, ಎದ್ದಿದ್ದು,” ಎಂದು ಅವಳು ನೀರು ತಂದಳು. ಮುದುಕಿ ಮೂಗು ಮುರಿದಳು. “ನಾಯಿ ಬಾಲ ಕಟ್ಟಿದ್ರೆ ನೆಟ್ಟಗಾಗುತ್ತಾ? ಸುಮ್ನೆ ಉಣ್ಣಿ.”

ಅದಾಗಿ ಹತ್ತು ಹನ್ನೆರಡು ದಿನವಾಗಿರಬೇಕು. ಸಂಜೆ ಏಳರ ಹೊತ್ತು. ಫೋರ್‌ಮನ್ ಬೇಳೆ ಅನ್ನ ಕಲಸಿ ಮೂರನೆಯ ತುತ್ತು ಬಾಯಿಗಿಟ್ಟಿದ್ದ. ಅಡುಗೆಮನೆಯಲ್ಲಿ ಫೋನು ರಿಂಗಾಯಿತು. ಹೆಂಡತಿಯ ದನಿ ಕೇಳಿಸಿತು. “ಹಲೋ... ಹೂಂ... ಯಾವಾಗ? ... ಅಯ್ಯೋ. ... ಹೂಂ, ಆಯ್ತು.” ಆಮೇಲೆ ಸದ್ದಿಲ್ಲ. ಆಮೇಲೆ ಪಾತ್ರೆಯ ಮುಚ್ಚಳ ತೆಗೆದ ಸದ್ದು, ಸೌಟು ತಾಗಿದ ಸದ್ದು. ಅವಳು ಬಡಿಸಲು ಬರುತ್ತಿದ್ದಾಳೆ.

ಫೋರ್‌ಮನ್ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದ. ಎಂಜಲು ಕೈಯಲ್ಲೇ, ನೆಲದುದ್ದಕ್ಕೂ ಅನ್ನದ ಅಗುಳು ಉದುರಿಸುತ್ತಾ ಅಡುಗೆಮನೆಗೆ ಓಡಿದ.

“ಯಾರದು ಫೋನು? ಏನಾಯ್ತು? ಯಾರಿಗೆ ಏನಾಯ್ತು?”

ಹೆಂಡತಿ ಸೌಟು ಹಿಡಿದುಕೊಂಡೇ ಅವನ ಮುಖ ನೋಡಿದಳು, ಬೇಳೆ ಮೆತ್ತಿದ ಅವನ ಕೈ ನೋಡಿದಳು.

“ಕೋಟಿನ ಕಾಂಟ್ರಾಕ್ಟರು,” ಎಂದಳು. “ಗುಂಡಿ ಬದಲಾಯ್ತಂತೆ. ಮೊನ್ನೆಯ ಕಾಜಾ ಎಲ್ಲ ಬಿಚ್ಚಬೇಕಂತೆ. ... ನಿಮ್ಮ ಊಟ?”

“ಇರ್ಲಿ. ಆಮೇಲೆ. ಅಷ್ಟೇನಾ? ನಿಜವಾಗ್ಲೂ ಅಷ್ಟೇನಾ? ಇನ್ಯಾರೂ... ನಿಮ್ಮಣ್ಣ ಹುಷಾರಾಗಿದ್ದಾನಾ?”

ಅವಳು ಸೌಟನ್ನು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತಳು. ಮೊದಲು ಒಂದು ಸಣ್ಣ ಬಿಕ್ಕಳಿಕೆ ಬಂತು, ಆಮೇಲೆ ತಡೆಯಲಾಗದ ಅಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಮೈಯೆಲ್ಲ ಅಲುಗಾಡುವಂತೆ, ಸಣ್ಣ ಹುಡುಗಿಯ ಹಾಗೆ ಅಮ್ಮಾ ಅಮ್ಮಾ ಎಂದು ಅತ್ತಳು. ಮಗಳು ಬಾಗಿಲಿಗೆ ಓಡಿ ಬಂದವಳು ಅಪ್ಪನನ್ನು ಕಂಡು ಅಲ್ಲೇ ನಿಂತಳು.

ಫೋರ್‌ಮನ್ನನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಅವಳ ಬೆನ್ನ ಮೇಲೆ ಕೈಯಿಡೋಣವೆಂದರೆ ಕೈ ಎಂಜಲು. ನೀರು ಕೊಡೋಣವೆಂದರೆ ಲೋಟಗಳು ಎಲ್ಲಿರುತ್ತವೆಂದು ಗೊತ್ತಿಲ್ಲ. ಗೋಡೆಯ ತುಂಬ ನಂಬರು ಬರೆದವನಿಗೆ ಲೋಟ ಮಾತ್ರ ಸಿಗಲಿಲ್ಲ. ಕೊನೆಗೆ ಮೇಜಿನ ಬಳಿ ಹೋಗಿ, ತನ್ನ ಲೋಟವನ್ನೇ ತಂದು, ಜಗ್ಗಿನಿಂದ ಎಡಗೈಯಲ್ಲಿ ನೀರು ಸುರಿದು, ಅರ್ಧ ಚೆಲ್ಲಿ, ಅವಳ ಮುಂದೆ ನೆಲದ ಮೇಲೆ ಮಂಡಿಯೂರಿ ಹಿಡಿದ. ಅವಳು ತೆಗೆದುಕೊಳ್ಳುವವರೆಗೂ ಹಿಡಿದೇ ಇದ್ದ. ಬಲಗೈಯ ಬೇಳೆ ಒಣಗುತ್ತಿತ್ತು.

ಹೊರಗೆ ಮೇಜಿನ ಬಳಿ ಮುದುಕಿಗೆ ಗಾಬರಿಯಾಗಿತ್ತು. “ಯಾಕೋ ಹಾಗೆ ಅಳ್ತಿದ್ದಾಳೆ? ಫೋನು ಯಾರದ್ದೋ? ಯಾರಾದ್ರೂ ಹೋದ್ರೇನೋ?”

“ಹೂಂ ಅಮ್ಮ,” ಎಂದ ಫೋರ್‌ಮನ್ ಒಳಗಿನಿಂದ.

“ಅಯ್ಯೋ ದೇವ್ರೇ! ಯಾರು?”

“ಇವಳ ಅಮ್ಮ,” ಎಂದ.